ಕ್ರೋಶಾ ಕಡ್ಡಿಯಲ್ಲಿ ಅರಳಿದ ಹವಳದ ದಿಬ್ಬ

ಕ್ರೋಶಾ ಕಡ್ಡಿ ಹಿಡಿದು ಒಂದಾದರೂ ಟೋಪಿ ಹೆಣೆದಿರುವ ಸಹೋದರಿಯರಿಗೆ ನಾನು ಹೇಳಹೊರಟಿರುವ ವಿಷಯದ ಅರ್ಧ ಭಾಗ ಈಗಾಗಲೇ ಗೊತ್ತಿದೆ. ಟೋಪಿಯನ್ನು ನಾವು ನೆತ್ತಿಯಿಂದ ಶುರು ಮಾಡುತ್ತೇವೆ. ಮೊದಲ ಸುತ್ತಿಗೆ ಆರು ಕುಣಿಕೆ, ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಹೀಗೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತಾ ಹೋದರೆ ಹೆಣಿಗೆ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಬರುತ್ತದೆ. ತಲೆಯ ಅಳತೆ ಬಂತು ಅನ್ನುವಾಗ ಹೆಚ್ಚಿಸುವುದನ್ನು ನಿಲ್ಲಿಸುತ್ತೇವೆ. ಆಗ ಅಂಚು ಕೆಳಕ್ಕೆ ಬಾಗಿ ಟೋಪಿಯಾಗುತ್ತದೆ. ಹೊಸದಾಗಿ ಕಲಿಯುವ ಹುಡುಗಿ ಲೆಕ್ಕ ತಪ್ಪಿ ಬೇಕಾದ್ದಕ್ಕಿಂತ ಹೆಚ್ಚು ಕುಣಿಕೆ ಹಾಕಿದಳೆನ್ನಿ. ಅಂಚು ಚಪ್ಪಟೆಯಾಗಿಯೂ ಕೂರುವುದಿಲ್ಲ, ಕೆಳಕ್ಕೂ ಬಾಗುವುದಿಲ್ಲ. ಕೋಳಿಜುಟ್ಟಿನ ಹೂವಿನ ಹಾಗೆ ನಿರಿಗೆ ನಿರಿಗೆಯಾಗಿ ಎದ್ದು ನಿಲ್ಲುತ್ತದೆ. "ಇದು ಯಾರ ತಲೆಗೆ?" ಎಂದು ನಮ್ಮ ಉಮ್ಮಂದಿರು ನಕ್ಕು ಅದನ್ನು ಬಿಚ್ಚಿಸುತ್ತಿದ್ದರು.

ಬಿಚ್ಚಿಹಾಕುವ ಆ ನಿರಿಗೆಯೇ ಲಂಡನ್, ವಾಷಿಂಗ್ಟನ್, ವೆನಿಸ್ ನಗರಗಳ ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ಗೌರವದ ಸ್ಥಾನ ಪಡೆಯಿತೆಂದರೆ ನಂಬುವಿರಾ? ನನಗೂ ಮೊದಲು ನಂಬಿಕೆಯಾಗಲಿಲ್ಲ. ಬಿ.ಎಸ್ಸಿ. ಓದುತ್ತಿದ್ದ ಅಕ್ಕನ ಮಗಳು ಈ ವಿಷಯ ಹೇಳಿದಾಗ, ಕಾಲೇಜಿನ ಹುಡುಗಿಯರು ಮನೆಯವರನ್ನು ಗೇಲಿ ಮಾಡುವ ರೀತಿ ಇದು ಎಂದುಕೊಂಡೆ. ನಾನು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು. ಗಣಿತಕ್ಕೂ ನನಗೂ ಹತ್ತನೆಯ ತರಗತಿಗೇ ವಿದಾಯವಾಗಿತ್ತು. ಆದರೂ ಈ ಕತೆಯನ್ನು ಗಣಿತದಿಂದಲೇ ಆರಂಭಿಸಬೇಕು, ಬೇರೆ ದಾರಿಯಿಲ್ಲ.

ಯೂಕ್ಲಿಡ್‌ನ ರೇಖಾಗಣಿತದಲ್ಲಿ ಒಂದು ಮಾತಿದೆ. ಒಂದು ಸರಳರೇಖೆ, ಅದರ ಹೊರಗೆ ಒಂದು ಬಿಂದು. ಆ ಬಿಂದುವಿನ ಮೂಲಕ ಮೊದಲ ರೇಖೆಗೆ ಸಮಾಂತರವಾಗಿ ಒಂದೇ ಒಂದು ರೇಖೆಯನ್ನು ಎಳೆಯಬಹುದು. ನೋಡಿದರೆ ಇದರಲ್ಲಿ ಕೇಳುವುದೇನಿದೆ ಅನ್ನಿಸುತ್ತದೆ. ಆದರೆ ಇದನ್ನು ಸಾಧಿಸಿ ತೋರಿಸಲು ಎರಡು ಸಾವಿರ ವರ್ಷ ಪಂಡಿತರು ತಲೆ ಕೆಡಿಸಿಕೊಂಡರು. ನಾವು ಕವಿಯೆಂದು ಮಾತ್ರ ಬಲ್ಲ ಉಮರ್ ಖಯ್ಯಾಮ್ ಇದರ ಮೇಲೆ ಗ್ರಂಥ ಬರೆದಿದ್ದಾರೆ. ಹದಿಮೂರನೆಯ ಶತಮಾನದ ನಸೀರುದ್ದೀನ್ ತೂಸಿಯವರೂ ಇದಕ್ಕೆ ಕೈ ಹಚ್ಚಿದ್ದರು. ತೂಸಿಯವರು ಯೂಕ್ಲಿಡ್‌ನನ್ನು ಪರಿಷ್ಕರಿಸಿ ಬರೆದ 'ತಹ್ರೀರ್ ಉಕ್ಲಿದಿಸ್' ಹಿಂದಿನ ಕಾಲದ ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿತ್ತು. ನಮ್ಮ ಕಾಲಕ್ಕೆ ಅದೆಲ್ಲ ಬಿಟ್ಟುಹೋಗಿತ್ತು; ಹೆಣ್ಣುಮಕ್ಕಳ ತರಗತಿಗಂತೂ ಅದು ಬಂದದ್ದೇ ಇಲ್ಲ.

ಕೊನೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಲೊಬಾಚೆವ್ಸ್ಕಿ ಮತ್ತು ಹಂಗೆರಿಯ ಬೊಯಾಯ್ ಎಂಬ ಇಬ್ಬರು, ಒಬ್ಬರಿಗೊಬ್ಬರು ತಿಳಿಯದೆ, ಬೇರೆಯೇ ಒಂದು ಉತ್ತರ ಕೊಟ್ಟರು. ಒಂದೇ ಬಿಂದುವಿನ ಮೂಲಕ ಎಷ್ಟು ಬೇಕಾದರೂ ಸಮಾಂತರ ರೇಖೆಗಳು ಹೋಗುವಂತಹ ಒಂದು ಮೇಲ್ಮೈಯನ್ನು ಕಲ್ಪಿಸಿಕೊಳ್ಳಬಹುದು ಎಂದರು. ಅದನ್ನು ಹೈಪರ್ಬೋಲಿಕ್ ಮೇಲ್ಮೈ ಎನ್ನುತ್ತಾರೆ. ಚೆಂಡಿನ ಹಾಗೆ ಒಳಕ್ಕೆ ಮುಚ್ಚಿಕೊಳ್ಳದೆ, ಮೇಜಿನ ಹಾಗೆ ಚಪ್ಪಟೆಯಾಗಿಯೂ ಇರದೆ, ಅಂಚಿಗೆ ಹೋದಷ್ಟೂ ಹೆಚ್ಚು ಹೆಚ್ಚು ಹರಡಿಕೊಳ್ಳುತ್ತಾ ಹೋಗುವ ಮೇಲ್ಮೈ. ಆದರೆ ಅದನ್ನು ಕೈಯಲ್ಲಿ ಹಿಡಿದು ನೋಡುವುದು ಹೇಗೆ? ಗಣಿತಜ್ಞರು ಕಾಗದದ ಪಟ್ಟಿಗಳನ್ನು ಅಂಟಿಸಿ ಮಾದರಿ ಮಾಡುತ್ತಿದ್ದರು. ನಾಲ್ಕು ಸಲ ಕೈ ಬದಲಾದರೆ ಅದು ಹರಿದುಹೋಗುತ್ತಿತ್ತು.

1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಡೈನಾ ಟೈಮಿನಾ ಎಂಬ ಮಹಿಳೆ ಆ ಹರಿದ ಕಾಗದಗಳನ್ನು ನೋಡಿ ಕ್ರೋಶಾ ಕಡ್ಡಿ ಕೈಗೆತ್ತಿಕೊಂಡರು. ಅವರು ಹುಟ್ಟಿ ಬೆಳೆದದ್ದು ಲಾಟ್ವಿಯ ಎಂಬ ಚಿಕ್ಕ ದೇಶದಲ್ಲಿ. ಅಲ್ಲಿ ಚಿಕ್ಕಂದಿನಲ್ಲಿ ಕಲಿತ ಕೈಕೆಲಸ ಈಗ ಉಪಯೋಗಕ್ಕೆ ಬಂತು. ಇಷ್ಟು ಕುಣಿಕೆಗೆ ಒಂದು ಎಂದು ಹೆಚ್ಚಿಸುತ್ತಾ ಹೋಗು, ಎಲ್ಲಿಯೂ ನಿಲ್ಲಿಸಬೇಡ. ಇಷ್ಟೇ ಅವರ ನಿಯಮ. ನಿರಿಗೆಗಟ್ಟಿದ ಹೆಣಿಗೆ ಸಿದ್ಧವಾಯಿತು. ಅದನ್ನು ಮಡಚಬಹುದು, ಅದರ ಮೇಲೆ ಬೇರೆ ಬಣ್ಣದ ದಾರದಿಂದ ರೇಖೆ ಹೊಲಿದು 'ಇಗೋ, ಒಂದೇ ಬಿಂದುವಿನ ಮೂಲಕ ಹೋಗುವ ಮೂರು ಸಮಾಂತರ ರೇಖೆಗಳು' ಎಂದು ವಿದ್ಯಾರ್ಥಿಗಳಿಗೆ ಮುಟ್ಟಿ ತೋರಿಸಬಹುದು. 2009ರಲ್ಲಿ ಅವರು ಇದರ ಬಗ್ಗೆ ಪುಸ್ತಕ ಬರೆದರು. ಅದಕ್ಕೆ ಗಣಿತದ ಪುಸ್ತಕಗಳಿಗೆ ಕೊಡುವ ಆಯ್ಲರ್ ಪ್ರಶಸ್ತಿ ಬಂತು. ಅತಿ ವಿಚಿತ್ರ ಹೆಸರಿನ ಪುಸ್ತಕಕ್ಕೆ ಕೊಡುವ ಇನ್ನೊಂದು ತಮಾಷೆಯ ಬಹುಮಾನವೂ ಬಂತು.

ಟೈಮಿನಾ ಅವರ ಹೆಣಿಗೆಯನ್ನು ನೋಡಿ ಕಲಿತವರಲ್ಲಿ ಮಾರ್ಗರೆಟ್ ವರ್ಟ್‌ಹೈಮ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್ ಎಂಬ ಅಕ್ಕತಂಗಿಯರಿದ್ದರು. ಒಬ್ಬರು ವಿಜ್ಞಾನ ಲೇಖಕಿ, ಇನ್ನೊಬ್ಬರು ಕಲಾ ಕಾಲೇಜಿನ ಅಧ್ಯಾಪಕಿ. ಇಬ್ಬರೂ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನವರು. ನೆಲೆಸಿದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಕ್ವೀನ್ಸ್‌ಲ್ಯಾಂಡಿನ ಕರಾವಳಿಯುದ್ದಕ್ಕೂ ಸುಮಾರು 2,300 ಕಿಲೋಮೀಟರ್ ಹಬ್ಬಿರುವುದೇ ಗ್ರೇಟ್ ಬ್ಯಾರಿಯರ್ ರೀಫ್, ಜಗತ್ತಿನ ಅತಿದೊಡ್ಡ ಹವಳದ ದಿಬ್ಬಗಳ ಸಾಲು. ತವರಿನ ಆ ದಿಬ್ಬಗಳು ಬೆಳ್ಳಗಾಗುತ್ತಿವೆ ಎಂಬ ಸುದ್ದಿ ಅವರಿಗೆ ಬರುತ್ತಲೇ ಇತ್ತು. 2005ರ ಒಂದು ದಿನ ಕ್ರಿಸ್ಟೀನ್, ಮನೆ ತುಂಬಾ ಬಿದ್ದಿದ್ದ ನಿರಿಗೆಯ ಹೆಣಿಗೆಗಳನ್ನು ನೋಡಿ 'ಒಂದು ಹವಳದ ದಿಬ್ಬವನ್ನೇ ಹೆಣೆಯಬಹುದಲ್ಲ' ಎಂದರಂತೆ.

ಇಲ್ಲಿ ಸ್ವಲ್ಪ ನಿಂತು ಹವಳದ ವಿಷಯ ಹೇಳಬೇಕು. ಹವಳವೆಂದರೆ ನಮಗೆ ಉಂಗುರದ ಕೆಂಪು ಕಲ್ಲು ನೆನಪಾಗುತ್ತದೆ. ನಿಜದಲ್ಲಿ ಹವಳ ಒಂದು ಪ್ರಾಣಿ. ಅಕ್ಕಿಕಾಳಿನಷ್ಟು ಚಿಕ್ಕ ಜೀವಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಒಟ್ಟಿಗೆ ಬಾಳಿ, ತಮ್ಮ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಒಂದರ ಗೂಡಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಸಾವಿರಾರು ವರ್ಷಗಳಲ್ಲಿ ದಿಬ್ಬವಾಗುತ್ತದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಮನೆಯವರಿಗೆ ಕೊಡುವ ಬಾಡಿಗೆದಾರನಿದ್ದ ಹಾಗೆ ಅದು. ಹವಳದ ಬಣ್ಣವೂ ಹೆಚ್ಚಾಗಿ ಅದರದ್ದೇ. ಸಮುದ್ರದ ನೀರು ವಾಡಿಕೆಯ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಅದು ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೇ ಸತ್ತಿತೆಂದಲ್ಲ. ನೀರು ಬೇಗ ತಣಿದರೆ ಪಾಚಿ ಮತ್ತೆ ಬರುತ್ತದೆ, ಹವಳ ಬದುಕುತ್ತದೆ. ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಸಮುದ್ರದ ತಳದಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲದ ಈ ದಿಬ್ಬಗಳನ್ನು ಸಮುದ್ರದ ಜೀವಿಜಾತಿಗಳಲ್ಲಿ ಸುಮಾರು ಕಾಲುಭಾಗ ನೆಚ್ಚಿಕೊಂಡಿವೆ. 2023ರ ಜನವರಿಯಿಂದ 2025ರ ಮಾರ್ಚ್‌ವರೆಗಿನ ಅವಧಿಯಲ್ಲಿ ಜಗತ್ತಿನ ಹವಳದ ದಿಬ್ಬಗಳಲ್ಲಿ ಶೇಕಡಾ 84ರಷ್ಟಕ್ಕೆ, ಬೆಳ್ಳಗಾಗಿಸುವಷ್ಟು ಬಿಸಿ ತಟ್ಟಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಇನ್ನು ಹವಳಕ್ಕೂ ಕ್ರೋಶಾಕ್ಕೂ ಏನು ಸಂಬಂಧ? ಹಲವು ಹವಳಗಳು, ಸಮುದ್ರದ ಬಸವನಹುಳುಗಳು, ಸಮುದ್ರಪಾಚಿಗಳು ನಿರಿಗೆಗಟ್ಟಿಯೇ ಬೆಳೆಯುತ್ತವೆ. ನೀರಿನಲ್ಲಿ ತೇಲಿಬರುವ ಆಹಾರವನ್ನು ಹಿಡಿಯಲು, ಬಿಸಿಲನ್ನು ಹೀರಲು ಚಿಕ್ಕ ಜಾಗದಲ್ಲಿ ಹೆಚ್ಚು ಮೈ ಬೇಕಲ್ಲವೇ? ಅದಕ್ಕಾಗಿ ಅಂಚು ಒಳಭಾಗಕ್ಕಿಂತ ವೇಗವಾಗಿ ಬೆಳೆಯುತ್ತದೆ, ನಿರಿಗೆ ಬೀಳುತ್ತದೆ. ಗಣಿತಜ್ಞರು ಎರಡು ಸಾವಿರ ವರ್ಷ 'ಇಂತಹದು ಸಾಧ್ಯವಿಲ್ಲ' ಎಂದು ಸಾಧಿಸಲು ಹೆಣಗುತ್ತಿದ್ದಾಗ ಅಲ್ಲಾಹನ ಸೃಷ್ಟಿಯಲ್ಲಿ ಅದು ನೀರೊಳಗೂ ಹಿತ್ತಲ ಕೋಳಿಜುಟ್ಟಿನ ಗಿಡದಲ್ಲೂ ಇದ್ದೇ ಇತ್ತು.

ಅಕ್ಕತಂಗಿಯರು ಮೊದಲು ಲೆಕ್ಕಕ್ಕೆ ಸರಿಯಾಗಿ ಹೆಣೆದರು. ಹೆಣಿಗೆ ಅಂದವಾಗಿ ಬಂತು, ಆದರೆ ಜೀವ ಬರಲಿಲ್ಲ. ಆಮೇಲೆ ಲೆಕ್ಕವನ್ನು ಬೇಕೆಂದೇ ಅಲ್ಲಲ್ಲಿ ಮುರಿದರು. ಇಲ್ಲಿ ಐದಕ್ಕೊಂದು ಹೆಚ್ಚಿಸು, ಅಲ್ಲಿ ಎರಡಕ್ಕೊಂದು, ಇನ್ನೊಂದೆಡೆ ಹೆಚ್ಚಿಸಲೇಬೇಡ. ಆಗ ನಿಜವಾದ ಹವಳದ ಹಾಗೆ ಕಾಣತೊಡಗಿತು. ಇಬ್ಬರಿಂದ ಮುಗಿಯುವ ಕೆಲಸವಲ್ಲವೆಂದು ಬಲ್ಲವರನ್ನೆಲ್ಲ ಕರೆದರು. ಕಡ್ಡಿ ಹಿಡಿದು ಬಂದವರು ಹೆಚ್ಚಿನವರು ಹೆಂಗಸರೇ; ಅಜ್ಜಿಯಂದಿರು, ಶಾಲೆಯ ಹುಡುಗಿಯರು, ನರ್ಸುಗಳು. 2007ರಲ್ಲಿ ಮೊದಲ ದೊಡ್ಡ ಪ್ರದರ್ಶನಗಳಾದವು. 2008ರಲ್ಲಿ ಲಂಡನ್, 2010ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯ, 2019ರಲ್ಲಿ ವೆನಿಸ್. ಅಷ್ಟೇ ಅಲ್ಲ, ಬೇರೆ ಬೇರೆ ಊರಿನವರು ತಮ್ಮದೇ ದಿಬ್ಬ ಹೆಣೆಯಲು ಆರಂಭಿಸಿದರು. ಅಂತಹ ದಿಬ್ಬಗಳು ಈಗ ಐವತ್ತಕ್ಕೂ ಹೆಚ್ಚು ಊರುಗಳಲ್ಲಿ ಆಗಿವೆ. ನಮ್ಮ ಎಷ್ಟೋ ಮನೆಗಳ ಗಂಡಸರು ದುಡಿಯುವ ಅಬುಧಾಬಿಯಲ್ಲೂ 2014ರಲ್ಲಿ ಒಂದಾಗಿತ್ತು. 2022ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್ ಪಟ್ಟಣದ ದಿಬ್ಬಕ್ಕೆ ಸುಮಾರು 4,000 ಜನ ಸೇರಿ 40,000ಕ್ಕೂ ಹೆಚ್ಚು ಹವಳ ಹೆಣೆದು ಕಳಿಸಿದರು. ನಲವತ್ತು ಸಾವಿರ! ಒಂದೊಂದು ಹವಳಕ್ಕೆ ಒಂದು ಸಂಜೆಯಾದರೂ ಬೇಕಲ್ಲ, ಎಷ್ಟು ಸಂಜೆಗಳಾದವು ಎಂದು ನೀವೇ ಲೆಕ್ಕ ಹಾಕಿ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಅವರ ಕಸದ ಪ್ರಯೋಗ. ಉಣ್ಣೆ, ಹತ್ತಿಯ ದಿಬ್ಬದ ಪಕ್ಕದಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ದಾರದ ಹಾಗೆ ಕತ್ತರಿಸಿ ಒಂದು 'ವಿಷದ ದಿಬ್ಬ'ವನ್ನೂ ಹೆಣೆದರು. ಸಾಲದ್ದಕ್ಕೆ 2007ರಿಂದ ನಾಲ್ಕು ವರ್ಷ ತಮ್ಮಿಬ್ಬರ ಮನೆಗೆ ಬಂದ ಪ್ಲಾಸ್ಟಿಕ್ ಕಸವನ್ನು ಎಸೆಯದೆ ಕೂಡಿಟ್ಟು, ಅದನ್ನೂ ಜನರ ಕಣ್ಣಿಗೆ ತೋರಿಸಿದರು. ಅಡುಗೆಮನೆ ನಡೆಸುವವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ನಾಲ್ಕು ವರ್ಷ ಬೇಡ, ನಾಲ್ಕು ವಾರದ ಹಾಲಿನ ತೊಟ್ಟೆ, ಬಿಸ್ಕತ್ತಿನ ಹೊದಿಕೆ, ಶಾಂಪೂ ಪ್ಯಾಕೆಟ್ಟನ್ನು ಒಂದು ಮೂಲೆಯಲ್ಲಿ ಇಟ್ಟು ನೋಡಿ.

ಉಣ್ಣೆಯ ಹವಳ ಹೆಣೆದರೆ ಸಮುದ್ರ ತಣಿಯುತ್ತದೆಯೇ? ಖಂಡಿತ ಇಲ್ಲ. ಸಮುದ್ರ ಬಿಸಿಯಾಗುವುದು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟ ಹೊಗೆಯಿಂದ. ಕಡ್ಡಿಗೂ ದಾರಕ್ಕೂ ಅದನ್ನು ತಡೆಯುವ ಶಕ್ತಿಯಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಪೇಟೆಯಲ್ಲಿ 'ಉಲ್ಲನ್' ಎಂದು ನಮಗೆ ಸಿಗುವುದರಲ್ಲಿ ಹೆಚ್ಚಿನದು ಆಕ್ರಿಲಿಕ್, ಪೆಟ್ರೋಲಿಯಮ್ಮಿನಿಂದ ಮಾಡಿದ್ದು, ಅಂದರೆ ಪ್ಲಾಸ್ಟಿಕ್ಕಿನ ಒಂದು ಬಗೆ. ಒಗೆದಾಗ ಅದರ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಸೇರುತ್ತವೆ. ಸಮುದ್ರವನ್ನು ಉಳಿಸಿರೆಂದು ಹೇಳಲು ಹೊಸ ಆಕ್ರಿಲಿಕ್ ಉಂಡೆಗಳನ್ನು ಕೊಂಡು ತರುವುದಾದರೆ ಸುಮ್ಮನಿರುವುದೇ ಮೇಲು. ಈ ಕೆಲಸ ಮಾಡುವವರು ಮನೆಯಲ್ಲಿ ಬಿದ್ದಿರುವ ದಾರ, ಹರಿದ ಬಟ್ಟೆ, ತೊಟ್ಟೆಯಿಂದಲೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಪ್ರವಾದಿಯವರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಮಕ್ಕಳಿಗೆ ಪಾಠ ಹೇಳುವ ನಮಗೆ ಹಳೆಯ ಬಟ್ಟೆಯ ಬೆಲೆಯನ್ನು ಯುರೋಪಿನವರು ಬಂದು ಹೇಳಿಕೊಡಬೇಕಾಗಿಲ್ಲ.

ಹಲವರು ಸೇರಿ ಹೊಲಿಯುವುದೂ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಕೌದಿಯನ್ನು ಕಂಡವರು ಮರೆಯಲಾರರು. ಹಳೆಯ ಸೀರೆಯ ಮೇಲೆ ಹರಕು ಬಟ್ಟೆಯ ತುಂಡುಗಳನ್ನಿಟ್ಟು ಅಂಚಿನಿಂದ ಹೊಲಿಯುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ನಾವು ಟೋಪಿಯನ್ನು ನಡುವಿನಿಂದ ಅಂಚಿಗೆ ಹೆಣೆಯುವುದರ ತದ್ವಿರುದ್ಧ. ನಾಲ್ಕು ಮೂಲೆಗೂ ಮಡಚಿದ ಮುಕ್ಕೋನದ 'ಫುಲ' ಇಡದಿದ್ದರೆ ಕೌದಿ ಬತ್ತಲೆ ಎನ್ನುವುದು ಅವರ ಮಾತು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಆ 'ಫುಲ' ಮಾತ್ರ ಎಲ್ಲರದ್ದೂ.

ಹವಳ ದೂರದ ಆಸ್ಟ್ರೇಲಿಯದ ಸಂಗತಿ ಎಂದೂ ತಿಳಿಯಬೇಕಾಗಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಇನ್ನು ಲಕ್ಷದ್ವೀಪವಂತೂ ಹವಳದ ಮೇಲೆಯೇ ನಿಂತಿರುವ ನಾಡು. ಅಲ್ಲಿಗೆ ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಹಡಗುಗಳು ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತವೆ. ಅಮಿನಿ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದರೆ ಇಂದಿನ ಮಕ್ಕಳು ಆಶ್ಚರ್ಯಪಡುತ್ತಾರೆ. ಆ ದ್ವೀಪಗಳಿಗೆ ಬೆಟ್ಟವಿಲ್ಲ, ನದಿಯಿಲ್ಲ. ಇರುವ ನೆಲವೇ ಹವಳದ ಪುಡಿ. ಆ ಪುಡಿಯಲ್ಲಿ ಮಳೆನೀರು ಇಂಗಿ, ಉಪ್ಪುನೀರಿನ ಮೇಲೆ ತೆಳ್ಳಗೆ ಕೆನೆಯ ಹಾಗೆ ನಿಲ್ಲುತ್ತದೆ. ಅದೇ ಬಾವಿಯ ಸಿಹಿನೀರು. ಸುತ್ತಲಿನ ಹವಳದ ದಿಬ್ಬ ಅಲೆಯ ಪೆಟ್ಟನ್ನು ತಾನು ತಿಂದು ದ್ವೀಪವನ್ನು ಕಾಯುತ್ತದೆ. 1998, 2010, 2016, ಮತ್ತೆ 2024ರಲ್ಲಿ ಆ ದಿಬ್ಬಗಳು ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾದವು. ದಿಬ್ಬ ಸತ್ತು ಪುಡಿಯಾದರೆ ಅಲೆ ನೇರವಾಗಿ ಮನೆಗೆ, ಮಸೀದಿಗೆ, ಕಬರಸ್ತಾನಕ್ಕೆ ಬರುತ್ತದೆ.

ಇಷ್ಟನ್ನು ಓದಿ ತಿಳಿದ ಮೇಲೆ 2024ರ ಬೇಸಿಗೆ ರಜೆಯಲ್ಲಿ ನಮ್ಮ ಹುಡುಗಿಯರನ್ನು ಕೂರಿಸಿಕೊಂಡು ಒಂದು ಚಿಕ್ಕ ದಿಬ್ಬ ಹೆಣೆಸಬೇಕೆಂದು ನನಗೆ ಆಸೆಯಾಯಿತು. ಲಕ್ಷದ್ವೀಪದ ಹವಳ ಬೆಳ್ಳಗಾಗುತ್ತಿದ್ದ ಅದೇ ಬೇಸಿಗೆ. ನಮ್ಮ ಶಾಲೆಯ ಹಾಲ್‌ನಲ್ಲಿ ಫ್ಯಾನು ತಿರುಗಿದರೂ ಕಡ್ಡಿ ಕೈಯಲ್ಲಿ ಬೆವರಿಗೆ ಜಾರುತ್ತಿತ್ತು. ಹತ್ತೊಂಬತ್ತು ಹುಡುಗಿಯರು ಬಂದರು. ಅವರಲ್ಲಿ ಕ್ರೋಶಾ ಬಲ್ಲವರು ನಾಲ್ವರು ಮಾತ್ರ. ಹಾಗಾಗಿ ಉಮ್ಮಂದಿರನ್ನೂ ಕರೆಸಿದೆವು. ಹೊಸ ದಾರ ಕೊಳ್ಳುವಂತಿಲ್ಲ ಎಂಬುದೊಂದೇ ನಿಯಮ. ಹಳೆಯ ಸ್ವೆಟರ್ ಬಿಚ್ಚಿ ತಂದರು, ವಾಯಿಲ್ ಸೀರೆಗಳನ್ನು ಪಟ್ಟಿ ಹರಿದು ತಂದರು. ಹಾಲಿನ ತೊಟ್ಟೆಗಳನ್ನು ತೊಳೆದು ಒಣಗಿಸಿ, ಅಡ್ಡಡ್ಡ ಕತ್ತರಿಸಿ, ಬಳೆಯಾಕಾರದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಉದ್ದನೆಯ ದಾರವಾಗುತ್ತದೆ. ಅದರಲ್ಲಿ ಹೆಣೆಯಲು ದಪ್ಪ ಕಡ್ಡಿ ಬೇಕು, ಬೆರಳೂ ನೋಯುತ್ತದೆ. ಒಬ್ಬ ಹುಡುಗಿಯ ತಂದೆ ಮೀನುಗಾರರು. ಅವರು ಉಪಯೋಗಕ್ಕೆ ಬಾರದ ಒಂದು ನೈಲಾನ್ ಬಲೆ ಕೊಟ್ಟರು. ಅದನ್ನು ಗೋಡೆಗೆ ಕಟ್ಟಿ ಅದರ ಮೇಲೆ ಹವಳಗಳನ್ನು ಹೊಲಿಯುವುದೆಂದಾಯಿತು. ಬಲೆ ಕೊಡಲು ಬಂದವರು ಹಾಲಿನ ತೊಟ್ಟೆಯ ರಾಶಿ ನೋಡಿ, "ಇದನ್ನು ನೀವು ಕಷ್ಟಪಟ್ಟು ಬಲೆಗೆ ಹೊಲಿಯುತ್ತೀರಿ. ನಾವು ಕಷ್ಟಪಟ್ಟು ಬಲೆಯಿಂದ ಬಿಡಿಸುತ್ತೇವೆ" ಎಂದು ನಕ್ಕರು.

ಉಮ್ಮಂದಿರಲ್ಲಿ ಒಬ್ಬರು ಬೀಡಿ ಕಟ್ಟುವವರು. ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ಸಂಜೆ ಬೀಡಿ ಬ್ರಾಂಚಿಗೆ ಹೋಗಿ ಲೆಕ್ಕ ಕೊಟ್ಟು ಬಂದ ಮೇಲೆ ರಾತ್ರಿ ಟೋಪಿ ಹೆಣೆಯುತ್ತಾರೆ. ಮೊದಲ ದಿನ ಅವರು ಬಾಗಿಲಲ್ಲೇ ನಿಂತು ಕೇಳಿದರು, "ಟೀಚರೇ, ಟೋಪಿ ಹೆಣೆದರೆ ಚಿಲ್ಲರೆಯಾದರೂ ಬರುತ್ತದೆ. ಇದರಿಂದ ಏನು ಬರುತ್ತದೆ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಣ್ಣು ಕೆಡಿಸಿಕೊಂಡು ಹೆಣೆದ ಟೋಪಿಗೆ ಕೊಳ್ಳುವವರು ಕೊಡುವುದೆಷ್ಟು, ಅದನ್ನು ಅಂಗಡಿಯಲ್ಲಿ ಮಾರುವುದೆಷ್ಟು ಎಂಬುದು ನಮ್ಮ ಊರಿನ ಹೆಂಗಸರಿಗೆಲ್ಲ ಗೊತ್ತು. ಹೆಂಗಸಿನ ಕೈಕೆಲಸವನ್ನು 'ಸಮಯ ಕಳೆಯಲು ಮಾಡುವುದು' ಎಂದು ಕರೆದು ಅದರ ಕೂಲಿಯನ್ನು ಕಡಿಮೆ ಮಾಡುವುದು ಹಳೆಯ ಚಾಳಿ. ಅಂತಹವರನ್ನು ಪುಕ್ಕಟೆಯಾಗಿ ಕೂರಿಸಿ ಹವಳ ಹೆಣೆಸಲು ನನಗೆ ಮನಸ್ಸಾಗಲಿಲ್ಲ. "ಇದರಿಂದ ದುಡ್ಡು ಬರುವುದಿಲ್ಲ. ಆದರೆ ಈ ಮಕ್ಕಳಿಗೆ ಕಲಿಸಲು ನೀವು ಬರುವುದಾದರೆ ಹೊಲಿಗೆ ಟೀಚರಿಗೆ ಕೊಡುವ ಹಾಗೆ ನಿಮಗೂ ಕೊಡಬೇಕೆಂದು ಶಾಲೆಯವರಿಗೆ ಹೇಳುತ್ತೇನೆ" ಎಂದೆ. ಹೇಳಿದೆ, ಶಾಲೆಯವರು ಒಪ್ಪಿದರು. ಹನ್ನೆರಡು ದಿನಕ್ಕೆ ದೊಡ್ಡ ಮೊತ್ತವೇನೂ ಅಲ್ಲ. ಆದರೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಪಡೆದುಕೊಂಡ ಹಣ.

ಅವರು ಕಲಿಸಿದ ರೀತಿಯನ್ನು ಟಿ.ಸಿ.ಎಚ್. ಮಾಡಿದವರೂ ನೋಡಬೇಕಿತ್ತು. "ನಾಲ್ಕು ಕುಣಿಕೆ ಹಾಕು, ಐದನೆಯದಕ್ಕೆ ಎರಡು ಹಾಕು" ಎಂದು ರಾಗವಾಗಿ ಹೇಳುತ್ತಾ ಹೋಗುತ್ತಿದ್ದರು. ಯಾವ ಹುಡುಗಿಯ ಹೆಣಿಗೆ ಎಷ್ಟನೆಯ ಸುತ್ತಿನಲ್ಲಿ ಬಿಗಿಯಾಯಿತೆಂದು ಕೈಯಲ್ಲಿ ಮುಟ್ಟಿಯೇ ತಿಳಿಯುತ್ತಿದ್ದರು. ನಾನು ಅಕ್ಕನ ಮಗಳು ಕೊಟ್ಟ ಟಿಪ್ಪಣಿ ಓದಿ, ಪ್ರತಿ ಎರಡು ಕುಣಿಕೆಗೊಂದು ಹೆಚ್ಚಿಸಿದರೆ ಹೆಣಿಗೆ ಹೇಗಾಗುತ್ತದೆಂದು ವಿವರಿಸುವ ಮೊದಲೇ ಅವರು "ಅದು ಏಳು ಸುತ್ತಿಗೆ ಹೂಕೋಸಿನ ಹಾಗೆ ಗಂಟಾಗುತ್ತದೆ" ಎಂದುಬಿಟ್ಟರು. ಹಾಗೆಯೇ ಆಯಿತು. ಅವರ ಮಗಳು, ಎಂಟನೆಯ ತರಗತಿಯವಳು, ಗಣಿತದಲ್ಲಿ ಹಿಂದೆ. ಅವಳು ತನ್ನ ಉಮ್ಮನನ್ನು ಅಂದು ನೋಡುತ್ತಿದ್ದ ನೋಟ ಬೇರೆಯೇ ಇತ್ತು. ಅವರು ಮನೆಯಿಂದ ಬೀಡಿ ಕಟ್ಟುವ ನೂಲಿನ ಉಳಿಕೆ ತಂದು ನಾಲ್ಕೆಳೆ ಸೇರಿಸಿ ಹೆಣೆದ ಹವಳ ಹೆಬ್ಬೆರಳಿನಷ್ಟೇ ದೊಡ್ಡದು. ಇಡೀ ಬಲೆಯಲ್ಲಿ ಅದರಷ್ಟು ನಾಜೂಕಿನದು ಬೇರೊಂದಿಲ್ಲ.

ವರ್ಟ್‌ಹೈಮ್ ಅಕ್ಕತಂಗಿಯರ ಪ್ರದರ್ಶನಗಳಲ್ಲಿ ಹೆಣೆದವರ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ ಹಾಕುತ್ತಾರೆ. ಮೇಲೆ ದೊಡ್ಡದಾಗಿ ಕಾಣುವುದು ಆ ಇಬ್ಬರ ಹೆಸರೇ ಎಂಬುದು ಬೇರೆ ಮಾತು. ಅದು ಪೂರ್ತಿ ಸರಿಯೆಂದು ನನಗನ್ನಿಸುವುದಿಲ್ಲ. ಆದರೂ ಸಾವಿರಾರು ಹೆಸರುಗಳನ್ನು ಬಿಡದೆ ಬರೆಯುವುದು ಸಣ್ಣ ಕೆಲಸವಲ್ಲ. ನಾವೂ ಹಾಗೆಯೇ ಮಾಡುವುದೆಂದು ಬಿಳಿ ಬಟ್ಟೆಯ ಒಂದು ಪಟ್ಟಿಯಲ್ಲಿ ಹೆಸರು ಬರೆಯಲು ಕೂತೆವು. ಹುಡುಗಿಯರ ಹೆಸರು ಬೇಗ ಮುಗಿಯಿತು. ಉಮ್ಮಂದಿರ ಸರದಿ ಬಂದಾಗ ಪ್ರತಿಯೊಬ್ಬರೂ 'ಇಂಥವಳ ಉಮ್ಮ' ಎಂದೇ ಬರೆಸಿದರು. ಮಗಳ ಹೆಸರು, ಅದರ ಮುಂದೆ 'ಉಮ್ಮ'. ಒಬ್ಬರು ಗಂಡನ ಹೆಸರು ಹೇಳಿದರು. ಒತ್ತಾಯಿಸುವುದು ಬೇಡವೆಂದು ನಾನು ಸುಮ್ಮನಿದ್ದೆ. ಹದೀಸಿನ ಪರಂಪರೆಯಲ್ಲಿ ಎಷ್ಟೋ ಹೆಂಗಸರ ಸ್ವಂತ ಹೆಸರು, ತಂದೆಯ ಹೆಸರು, ಅವರಿಂದ ಕಲಿತವರ ಹೆಸರುಗಳು ಸಾವಿರದ ನಾನೂರು ವರ್ಷಗಳಿಂದ ಉಳಿದುಬಂದಿವೆ. ನಮ್ಮ ಊರಿನ ಹೆಂಗಸರ ಹೆಸರು ರೇಶನ್ ಕಾರ್ಡು ಬಿಟ್ಟರೆ ಬೇರೆಲ್ಲಿ ಕಾಣುತ್ತದೆ ಎಂದು ಯೋಚಿಸುತ್ತಿದ್ದೆ.

ಬೀಡಿ ಕಟ್ಟುವ ಆ ಸಹೋದರಿ ಕೊನೆಯವರಾಗಿ ಬಂದರು. ತಮ್ಮ ಸ್ವಂತ ಹೆಸರು ಹೇಳಿದರು. ಬರೆದಾದ ಮೇಲೆ ಇನ್ನೊಂದು ಹೆಸರು ಹೇಳಿದರು. ಅದು ಯಾರೆಂದು ಕೇಳಿದೆ. "ನನಗೆ ಟೋಪಿ ಹೆಣೆಯಲು ಕಲಿಸಿದವರು. ನನ್ನ ಉಮ್ಮ. ಹೋಗಿ ಹದಿನಾರು ವರ್ಷವಾಯಿತು. ಬರೆಯಬಹುದಾ ಟೀಚರೇ?" ಎಂದರು. ಬರೆದೆವು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಮರಳಿ ಬಂದು, ತಮಗೆ ಕಡ್ಡಿ ಹಿಡಿಯಲು ಕಲಿಸಿದ ಅಜ್ಜಿ, ಮಾಮಿ, ಅತ್ತೆ, ನೆರೆಮನೆಯ ಟೈಲರ್ ಅಕ್ಕ ಎಲ್ಲರ ಹೆಸರು ಬರೆಸತೊಡಗಿದರು. ಇಬ್ಬರು ಈ ನೆಪದಲ್ಲಿ ತಮ್ಮ ಹೆಸರನ್ನೂ ತಿದ್ದಿಸಿಕೊಂಡರು. ಬಟ್ಟೆಯ ಪಟ್ಟಿ ಸಾಲದೆ ಇನ್ನೊಂದು ತುಂಡು ಜೋಡಿಸಬೇಕಾಯಿತು.

ಬಲೆ ಈಗಲೂ ಹಾಲ್‌ನ ಗೋಡೆಯಲ್ಲಿದೆ. ಮಳೆಗಾಲದಲ್ಲಿ ಆ ಗೋಡೆ ತೇವ ಹಿಡಿಯುತ್ತದೆ. 2025ರ ಆಗಸ್ಟಿನಲ್ಲಿ ಇಳಿಸಿ ನೋಡಿದಾಗ ಸೀರೆಯ ಪಟ್ಟಿಯ ಹವಳಗಳಿಗೆ ಬೂಷ್ಟು ಬಂದಿತ್ತು, ಎರಡು ಮೂರು ಕೊಳೆತೇ ಹೋಗಿದ್ದವು. ಹಾಲಿನ ತೊಟ್ಟೆಯವು ಮಾತ್ರ ಹೆಣೆದ ದಿನ ಹೇಗಿದ್ದವೋ ಹಾಗೆಯೇ ಇದ್ದವು. ನೀರು ಹಾಕಿ ತೊಳೆದರೆ ನೀಲಿ ಅಕ್ಷರಗಳು ಕೂಡ ಓದಲು ಬರುತ್ತಿದ್ದವು. ಕೊಳೆತವುಗಳ ಜಾಗ ತುಂಬಲು ಹುಡುಗಿಯರು ರಜೆಯವರೆಗೆ ಕಾಯುತ್ತೇವೆ ಎಂದರು. ಬೀಡಿ ಕಟ್ಟುವವರ ಮಗಳು ಮರುದಿನವೇ ಚಿಕ್ಕ ಡಬ್ಬಿಯೊಂದರಲ್ಲಿ ಆರು ಹವಳ ತಂದುಕೊಟ್ಟಳು. ಅದರಲ್ಲಿ ನಾಲ್ಕು ಅವಳ ಉಮ್ಮನವು, ಎರಡು ಅವಳೇ ಹೆಣೆದವು.